ಮುಟ್ಟಬೇಡಿ ಮೇಡಂ!

ಶಾಲೆಯ ಪ್ರಿಂಟರು ನಿಂತಿತೆಂದರೆ ಸಾಕು, ‘ಮುಟ್ಟಬೇಡಿ ಮೇಡಂ, ಹುಡುಗ ಬಂದು ನೋಡ್ತಾನೆ’ ಎನ್ನುತ್ತಾರೆ. ಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಬದಲಿಸಿ, ಮಿಕ್ಸಿಯ ಬ್ಲೇಡು ಬಿಚ್ಚಿ ಕೂಡಿಸುವ ಕೈಗಳಿಗೆ ಇಲ್ಲಿ ಮಾತ್ರ ಯಾವ ಮೈಲಿಗೆ? ನಾಳೆಯ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬೇಕು. ‘ಹುಡುಗ’ ಬರುವುದು ನಾಡಿದ್ದು!

ಅಂಥ ಬ್ರಹ್ಮವಿದ್ಯೆಯೇನು ಇದು? ನಮ್ಮ ಕಂಪ್ಯೂಟರುಗಳಲ್ಲಿರುವುದು ಲಿನಕ್ಸ್. ಅದರಲ್ಲಿ ಮುದ್ರಣದ ಉಸ್ತುವಾರಿ ‘ಕಪ್ಸ್’ ಎಂಬ ತಂತ್ರಾಂಶದ್ದು. ನಾವು ಕಳಿಸಿದ್ದನ್ನೆಲ್ಲ ರೇಷನ್ ಅಂಗಡಿಯ ಮುಂದಿನಂತೆ ಸಾಲು ನಿಲ್ಲಿಸಿ, ಒಂದೊಂದಾಗಿ ಪ್ರಿಂಟರಿಗೆ ದಾಟಿಸುತ್ತದೆ. ನಡುವೆ ಏನಾದರೂ ತೊಡಕಾದರೆ ಕೆಲವೊಮ್ಮೆ ಸಾಲನ್ನೇ ತಡೆದುಬಿಡುತ್ತದೆ. ತೊಡಕು ಕಳೆದರೂ ಯಾರಾದರೂ ಹೇಳುವ ತನಕ ಬಿಡುವುದಿಲ್ಲ. ಆ ಕಂಪ್ಯೂಟರಿನ ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್:631’ ಎಂದು ಬರೆದರೆ ಪ್ರಿಂಟರಿನ ಪಟ್ಟಿ ಕಾಣುತ್ತದೆ. ನಿಂತಿದ್ದರೆ ಮತ್ತೆ ಚಾಲೂ ಮಾಡುವುದೂ ಅಲ್ಲಿಯೇ.

ಇನ್ನೊಂದು ತೊಂದರೆ ವಿಳಾಸದ್ದು. ಮನೆಗೆ ನಂಬರಿದ್ದಂತೆ ಪ್ರಿಂಟರಿಗೂ ಒಂದು ಐಪಿ ನಂಬರಿದೆ. ಕರೆಂಟು ಹೋಗಿ ಬಂದಾಗ ರೂಟರು ಬೇರೆ ನಂಬರು ಕೊಟ್ಟರೆ, ಕಂಪ್ಯೂಟರು ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೂಟರಿನಲ್ಲಿ ಒಮ್ಮೆ ಆ ನಂಬರನ್ನು ಖಾಯಂ ಮಾಡಿದರೆ ತೀರಿತು.

ಹಾಗಾದರೆ ತಡೆ ಎಲ್ಲಿದೆ? ಪಾಸ್‌ವರ್ಡಿನಲ್ಲಿ. ಅದು ಒಬ್ಬರ ಜೇಬಿನಲ್ಲಿ ಭದ್ರ! ಕೇಳಿದರೆ, ‘ಏನಾದರೂ ಹಾಳಾದರೆ?’ ಎಂಬ ಮಾತು. ಮನೆಯ ಬೀಗದ ಕೈಗೊಂಚಲನ್ನೆಲ್ಲ ನಾವು ಕೇಳುತ್ತಿಲ್ಲ. ಪ್ರಿಂಟರಿನ ಉಸ್ತುವಾರಿಯಷ್ಟನ್ನೇ ಬೇರೆಯವರಿಗೆ ವಹಿಸಿಕೊಡುವ ಏರ್ಪಾಡು ಲಿನಕ್ಸಿನಲ್ಲಿಯೇ ಇದೆ. ಕೊಡುವ ಮನಸ್ಸಿಲ್ಲ, ಅಷ್ಟೆ.

ಇದರಲ್ಲೊಂದು ವಿಪರ್ಯಾಸವೂ ಇದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿ ಒಂದು ಪ್ರಿಂಟರಿಗೆ ಹಾಳೆ ಸಿಕ್ಕಿಕೊಳ್ಳುವ ರೋಗ. ತಂತ್ರಾಂಶ ತಿದ್ದಿ ದಾರಿ ಮಾಡೋಣವೆಂದು ರಿಚರ್ಡ್ ಸ್ಟಾಲ್‌ಮನ್ ಅದರ ಮೂಲಪ್ರತಿ ಕೇಳಿದರೆ, ಕೊಡಲಾಗದೆಂಬ ಉತ್ತರ ಬಂತು. ಆ ಕಹಿಯನ್ನು ಅವರು ಮರೆಯಲಿಲ್ಲ. 1983ರಲ್ಲಿ, ಯಾರು ಬೇಕಾದರೂ ನೋಡಿ ತಿದ್ದಬಹುದಾದ ತಂತ್ರಾಂಶಕ್ಕಾಗಿ ‘ಗ್ನೂ’ ಯೋಜನೆ ಸಾರಿದರು. ಇಂದಿನ ಲಿನಕ್ಸ್ ಅದರ ನೆರವಿನಿಂದಲೇ ಬೆಳೆದದ್ದು. ಬೀಗ ಒಡೆಯಲೆಂದು ಹುಟ್ಟಿದ್ದಕ್ಕೆ ನಾವೇ ಬೀಗ ಜಡಿದು ಕೂತಿದ್ದೇವೆ.

ನಾವು ಕೈಕಟ್ಟಿ ನಿಲ್ಲುವುದನ್ನು ತರಗತಿಯ ಹೆಣ್ಣುಮಕ್ಕಳು ನೋಡುತ್ತಾರೆ. ಪುಸ್ತಕದಲ್ಲಿ ಸಮಾನತೆಯ ಪಾಠ ಮಾಡಿ, ಯಂತ್ರದ ಮುಂದೆ ಹಿಂದೆ ಸರಿದರೆ ಅವರು ಯಾವುದನ್ನು ಕಲಿಯಬೇಕು? ಸಹೋದರಿಯರೇ, ಇನ್ನು ‘ಮುಟ್ಟಬೇಡಿ’ ಎಂದವರಿಗೆ ಒಂದೇ ಉತ್ತರ ಕೊಡಿ: ‘ಹೇಗೆಂದು ತೋರಿಸಿ, ನಾನೇ ಮಾಡುತ್ತೇನೆ.’