ಎಳೆ ಹರಿಯುವ ಲೆಕ್ಕ
ಸೇವೆಗೆ ಸೇರಿದ ಹೊಸತರಲ್ಲಿ ದಾವಣಗೆರೆಯ ಹತ್ತಿ ಗಿರಣಿಯೊಂದನ್ನು ನೋಡಲು ಹೋಗಿದ್ದೆ. ನೂಲು ಹರಿದೊಡನೆ ಕಾರ್ಮಿಕರು ಕ್ಷಣಾರ್ಧದಲ್ಲಿ ಬೆರಳಿನಿಂದಲೇ ಅದನ್ನು ಕೂಡಿಸುತ್ತಿದ್ದರು. ಗಂಟೆಗೆ ಎಷ್ಟು ಎಳೆ ಹರಿಯುತ್ತದೆ ಎಂಬುದರ ಮೇಲೆಯೇ ಗಿರಣಿಯ ಲಾಭನಷ್ಟ ನಿಂತಿದೆ ಎಂದರು ಮೇಸ್ತ್ರಿ. ಏಕೆ ಹರಿಯುತ್ತದೆ ಎಂದು ನಾನು ಕೇಳಲಿಲ್ಲ. ಅರ್ಥಶಾಸ್ತ್ರ ಓದಿದವನಿಗೆ ಲಾಭನಷ್ಟವೇ ಸಾಕೆನಿಸಿತ್ತು.

ಹತ್ತಿಯಾಗಲಿ, ಹರಿಹರದೆದುರು ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ತಯಾರಾಗುವ ವಿಸ್ಕೋಸ್ ನಾರಾಗಲಿ, ಮೂಲತಃ ಒಂದೇ ವಸ್ತು: ಸೆಲ್ಯುಲೋಸ್, ಅಂದರೆ ಗ್ಲೂಕೋಸ್ ಕೊಂಡಿಗಳ ಉದ್ದನೆಯ ಸರಪಳಿ. ವಿಸ್ಕೋಸ್ ತಯಾರಿಕೆಯಲ್ಲಿ ಸರಪಳಿಯನ್ನು ಉದ್ದೇಶಪೂರ್ವಕವಾಗಿಯೇ ಗಿಡ್ಡಗೊಳಿಸುತ್ತಾರೆ. ಆ ನಾರು ಹತ್ತಿಯಷ್ಟು ಗಟ್ಟಿಯಲ್ಲದಿರಲು ಅದೂ ಒಂದು ಕಾರಣ.

ಇಂತಹ ಒಂದೇ ಸರಪಳಿಯನ್ನು ಎಳೆದು ಹರಿಯಲು ಎಷ್ಟು ಬಲ ಬೇಕು? 1999ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹರ್ಮನ್ ಗಾಬ್ ಅವರ ತಂಡ ಪಿಷ್ಟದ ಅಣುವೊಂದರ ಎರಡೂ ತುದಿಗಳನ್ನು ಬಿಗಿದು ಎಳೆಯಿತು. ಸುಮಾರು 2 ನ್ಯಾನೋನ್ಯೂಟನ್‌ಗೆ ಹರಿಯಿತು; ಒಂದು ಗ್ರಾಂ ತೂಕದ 50 ಲಕ್ಷದಲ್ಲೊಂದು ಪಾಲು. ಹರಿದದ್ದು ಪಿಷ್ಟವಲ್ಲ, ಅದನ್ನು ಬಿಗಿದಿದ್ದ ಸಿಲಿಕಾನ್–ಇಂಗಾಲ ಬಂಧವೆಂದು ತಿಳಿಸಿದ್ದು ಕಂಪ್ಯೂಟರ್ ಲೆಕ್ಕಾಚಾರ. ತಂಡದಲ್ಲಿದ್ದ ಮಾರ್ಟಿನ್ ಬೇಯರ್ 2000ದಲ್ಲಿ ಈ ವಿಧಾನವನ್ನು ವಿಸ್ತರಿಸಿ ಪ್ರಕಟಿಸಿದರು. ಅಣುವಿನ ಎರಡು ತುದಿಗಳನ್ನು ಗಣಕದಲ್ಲಿ ತುಸುತುಸುವೇ ದೂರ ಸರಿಸುವುದು, ಪ್ರತಿ ಹೆಜ್ಜೆಗೂ ಶಕ್ತಿ ಎಷ್ಟು ಏರಿತೆಂದು ಲೆಕ್ಕ ಹಾಕುವುದು. ಆ ಏರಿಕೆಯ ದರವೇ ಬಲ. ನಮ್ಮ ಸೀಮಾಂತ ವೆಚ್ಚದ ಲೆಕ್ಕವೇ ಸರಿ! ಏರು ಅತಿ ಕಡಿದಾಗುವಲ್ಲಿ ಬಂಧದ ಗರಿಷ್ಠ ತಾಳಿಕೆ. ವಾಸ್ತವದಲ್ಲಿ ಬಂಧ ಅದಕ್ಕೂ ಮೊದಲೇ ಹರಿಯುತ್ತದೆ, ಏಕೆಂದರೆ ಶಾಖದಿಂದ ಅಣುಗಳು ಸದಾ ಅಲುಗಾಡುತ್ತಿರುತ್ತವೆ. ನಿಧಾನವಾಗಿ ಎಳೆದಷ್ಟೂ ಕಡಿಮೆ ಬಲ ಸಾಕು.

ಈ ಲೆಕ್ಕವನ್ನು ನೂಲಿಗೆ ನೇರವಾಗಿ ಹಚ್ಚುವಂತಿಲ್ಲ, ನಿಜ. ನೂಲು ಹರಿಯುವಾಗ ಎಷ್ಟೋ ನಾರುಗಳು ಸುಮ್ಮನೆ ಜಾರಿಕೊಳ್ಳುತ್ತವೆ. ಮಾದರಿಯನ್ನೇ ವಾಸ್ತವವೆಂದು ನಂಬಿದ ಯೋಜನಾ ಕಡತಗಳನ್ನು ಸೇವೆಯುದ್ದಕ್ಕೂ ಕಂಡವನು ನಾನು. ಆದರೆ ಹಳೆ ಬಟ್ಟೆಯನ್ನು ಯಂತ್ರದಲ್ಲಿ ಸೀಳಿ ಮತ್ತೆ ನೂಲಾಗಿಸುವ ಉದ್ಯಮಕ್ಕೆ ಸರಪಳಿ ಎಲ್ಲಿ, ಯಾವಾಗ ಹರಿಯುತ್ತದೆಂಬುದು ಹೊಟ್ಟೆಪಾಡಿನ ಪ್ರಶ್ನೆ.

ದಾವಣಗೆರೆಯಲ್ಲಿ 1951ರಿಂದ ಇಂಜಿನಿಯರಿಂಗ್ ಕಾಲೇಜಿದೆ, 2009ರಿಂದ ವಿಶ್ವವಿದ್ಯಾಲಯವಿದೆ. ಸೂಪರ್‌ಕಂಪ್ಯೂಟರ್ ಇರುವುದು ಬೆಂಗಳೂರಿನಲ್ಲಿ ಎಂಬ ನೆಪ ಇಲ್ಲಿ ನಡೆಯದು. ಎರಡು ಗ್ಲೂಕೋಸ್ ಕೊಂಡಿಗಳ ತುಣುಕಿಗೆ ಮೇಜಿನ ಮೇಲಿನ ಕಂಪ್ಯೂಟರ್ ಸಾಕು, ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನೀರು ತಗುಲಿದಾಗ ಆ ಕೊಂಡಿ ಎಷ್ಟು ಬಲಕ್ಕೆ ಹರಿಯುತ್ತದೆ ಎಂಬುದನ್ನು ಈ ವರ್ಷವೇ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಗೆ ಪ್ರಾಜೆಕ್ಟ್ ಆಗಿ ಕೊಡಬಹುದು.