ಮಣಿಜಡೆಯೂ ನಮ್ಮ ನಗೆಯೂ

ಕೆಲವು ವರ್ಷಗಳ ಹಿಂದೆ ಹಾಸನದಲ್ಲಿ ನಮ್ಮ ತರಗತಿಗೆ ಅರಕಲಗೂಡಿನ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿದ್ದಳು. ಅವಳದು ಬಲು ಗುಂಗುರು ಕೂದಲು. ಒಂದು ಸೋಮವಾರ ಅದನ್ನು ಇಪ್ಪತ್ತು ಮೂವತ್ತು ಸಣ್ಣ ಜಡೆಗಳಾಗಿ ಹೆಣೆದು, ತುದಿಗಳಿಗೆ ಬಣ್ಣದ ಮಣಿಗಳನ್ನು ಪೋಣಿಸಿಕೊಂಡು ಬಂದಳು. ತಲೆಯಾಡಿಸಿದಾಗಲೆಲ್ಲ ಮಣಿಗಳು ಟಿಕಟಿಕನೆ ಸದ್ದುಮಾಡಿದವು. ತರಗತಿ ಗೊಳ್ಳೆಂದು ನಕ್ಕಿತು. "ಪಾಠಕ್ಕೆ ಬಂದೆಯೋ, ಜಾತ್ರೆಗೆ ಬಂದೆಯೋ?" ಎಂದು ಕೇಳಿದವರು ನಾವೇ. ಮರುದಿನ ಅವಳ ತಲೆಯಲ್ಲಿ ಎಣ್ಣೆ ಹಚ್ಚಿ ಬಿಗಿದ ಒಂದೇ ಜಡೆಯಿದ್ದಿತು. ಆ ಮಣಿಜಡೆಯ ವಿಷಯವಾಗಿ ಆಗ ನಮಗೆ ಏನೂ ತಿಳಿದಿರಲಿಲ್ಲ. ತಿಳಿದುಕೊಂಡ ಮೇಲೆ, ಅಂದು ಆಡಿದ ಮಾತು ಒಬ್ಬ ವಿಜ್ಞಾನದ ಅಧ್ಯಾಪಕನಿಗೆ ತಕ್ಕುದಾಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಗಿದೆ.

ಮೊದಲು ಕೂದಲಿನ ಮಾತು. ಒಂದು ಎಳೆಯನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನೇರ ಕೂದಲಿನ ಛೇದವು ಬಹುಮಟ್ಟಿಗೆ ವೃತ್ತಾಕಾರವಾಗಿರುತ್ತದೆ. ಗುಂಗುರು ಕೂದಲಿನದು ಚಪ್ಪಟೆಯಾದ ದೀರ್ಘವೃತ್ತ. ಚರ್ಮದೊಳಗೆ ಎಳೆ ಹುಟ್ಟುವ ಕೂಪವೇ ಅಲ್ಲಿ ಬಾಗಿರುತ್ತದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಅದರ ಸರಪಣಿಗಳನ್ನು ಗಂಧಕದ ಬಂಧಗಳೂ ಜಲಜನಕದ ಬಂಧಗಳೂ ಹಿಡಿದಿಟ್ಟಿವೆ. ನೀರು ತಾಗಿದಾಗ ಸಡಿಲವಾಗುವುದು ಜಲಜನಕದ ಬಂಧಗಳು ಮಾತ್ರ. ಆದುದರಿಂದ ಎಷ್ಟು ನೆನೆಸಿ ಬಾಚಿದರೂ, ಒಣಗಿದೊಡನೆ ಕೂದಲು ತನ್ನ ಸುರುಳಿಗೆ ಮರಳುತ್ತದೆ. ಇದರಲ್ಲಿ ಆ ಹುಡುಗಿಯ ಅಶಿಸ್ತೇನೂ ಇಲ್ಲ.

ಸುರುಳಿಗೆ ಪ್ರಯೋಜನವೂ ಉಂಟು. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಶಾಖವನ್ನು ಅಳೆಯಬಲ್ಲ ಬೊಂಬೆಯ ತಲೆಗೆ ನೇರವಾದ, ಸ್ವಲ್ಪ ಗುಂಗುರಾದ, ಬಿಗಿಯಾಗಿ ಸುರುಳಿಗೊಂಡ ಕೂದಲಿನ ಟೋಪನ್‌ಗಳನ್ನು ಒಂದೊಂದಾಗಿ ತೊಡಿಸಿ, ಬಿಸಿಲನ್ನು ಹೋಲುವ ದೀಪಗಳನ್ನು ಹಿಡಿಯಲಾಯಿತು. ಬಿಸಿಲಿನ ತಾಪದಿಂದ ತಲೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಕಾಪಾಡಿದ್ದು ಬಿಗಿ ಸುರುಳಿಯ ಕೂದಲು. ಆಫ್ರಿಕದ ಸುಡುಬಿಸಿಲಿನಲ್ಲಿ ವಿಕಾಸಗೊಂಡ ಮಾನವನಿಗೆ ಇದು ದೊಡ್ಡ ಉಪಕಾರವೇ ಆಗಿದ್ದಿರಬೇಕು.

ಆದರೆ ಇಂತಹ ಕೂದಲನ್ನು ಸಾಕುವುದು ಸುಲಭವಲ್ಲ. ಚರ್ಮದ ಜಿಡ್ಡು ಸುರುಳಿಯನ್ನು ಹಾದು ತುದಿಯವರೆಗೆ ಹರಿಯದು, ಎಳೆ ಒಣಗುತ್ತದೆ. ಬಾಚಣಿಗೆ ಎಳೆದಾಗ ಬಾಗಿದ ಎಡೆಗಳಲ್ಲಿ ಒತ್ತಡ ಹೆಚ್ಚಿ ಕೂದಲು ತುಂಡಾಗುತ್ತದೆ. ಇದಕ್ಕೆ ಆಫ್ರಿಕದ ಜನ ಕಂಡುಕೊಂಡ ಉಪಾಯವೇ ಹೆಣಿಗೆ. ಸಣ್ಣ ಜಡೆಯೊಳಗೆ ನೂರಾರು ಎಳೆಗಳು ಭಾರವನ್ನು ಹಂಚಿಕೊಳ್ಳುತ್ತವೆ. ದಿನವೂ ಬಾಚುವ ಅಗತ್ಯವಿಲ್ಲ. ತುದಿಯ ಮಣಿ ಜಡೆ ಬಿಚ್ಚಿಕೊಳ್ಳದಂತೆ ತಡೆಯುತ್ತದೆ. ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಬಗೆಗೆ ಇಂಗ್ಲಿಷಿನಲ್ಲಿ ಕಾರ್ನ್‌ರೋ, ಎಂದರೆ ಜೋಳದ ಸಾಲು, ಎಂಬ ಹೆಸರಿದೆ. ಮುಸುಕಿನ ಜೋಳದ ಹೊಲಗಳನ್ನು ಕಂಡ ನಮ್ಮ ಜಿಲ್ಲೆಯವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಅತಿಯಾಗಿ ಬಿಗಿದರೆ ಬೇರು ಸಡಿಲಿ ಕೂದಲು ಉದುರುವುದೂ ನಿಜ. ಅದು ಎಲ್ಲ ಜಡೆಗಳಿಗೂ ಅನ್ವಯಿಸುವ ಮಾತು.

ಈ ಕಲೆ ಇಂದು ನಿನ್ನೆಯದಲ್ಲ. ನೈಜೀರಿಯದ ನೋಕ್ ಸಂಸ್ಕೃತಿಯ ಸುಟ್ಟಮಣ್ಣಿನ ಬೊಂಬೆಗಳು ಸುಮಾರು ಎರಡು ಸಾವಿರ ವರ್ಷ ಹಳೆಯವು. ಅವುಗಳ ತಲೆಗಳಲ್ಲಿ ಕೇಶವಿನ್ಯಾಸವನ್ನು ಬಹು ಅಚ್ಚುಕಟ್ಟಾಗಿ ರೂಪಿಸಲಾಗಿದೆ. ಪಶ್ಚಿಮ ಆಫ್ರಿಕದ ಫುಲಾನಿ ಹೆಂಗಸರು ಜಡೆಗೆ ಮಣಿ, ಕವಡೆ, ಬೆಳ್ಳಿಯ ನಾಣ್ಯಗಳನ್ನು ಕಟ್ಟುತ್ತಾರೆ. ನಮೀಬಿಯದ ಹಿಂಬ ಜನರಲ್ಲಿ ಹುಡುಗಿ ಚಿಕ್ಕವಳೋ, ಮದುವೆಯಾದವಳೋ ಎಂಬುದನ್ನು ಕೇಶವಿನ್ಯಾಸವೇ ತಿಳಿಸುತ್ತದೆ. ಹೊಳೆನರಸೀಪುರದ ಮದುವೆಮನೆಯಲ್ಲಿ ಮೊಗ್ಗಿನ ಜಡೆ ಹೆಣೆಯುವ ಅಜ್ಜಿಯ ಬೆರಳುಗಳಲ್ಲಿ ಎಷ್ಟು ಲೆಕ್ಕಾಚಾರವಿದೆಯೋ, ಅಲ್ಲಿಯೂ ಅಷ್ಟೇ ಇದೆ.

16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಸುಮಾರು ಒಂದೂಕಾಲು ಕೋಟಿ ಆಫ್ರಿಕನರನ್ನು ಗುಲಾಮರನ್ನಾಗಿ ಅಮೆರಿಕ ಖಂಡಗಳತ್ತ ಹಡಗು ಹತ್ತಿಸಲಾಯಿತು. ಅವರು ನಾಡು, ನುಡಿ, ಹೆಸರುಗಳನ್ನು ಕಳೆದುಕೊಂಡರು. ಹೆಣೆಯುವ ಕೈಗಳನ್ನು ಮಾತ್ರ ಕಳೆದುಕೊಳ್ಳಲಿಲ್ಲ. ಆದರೂ ಅವಮಾನ ಬೆನ್ನು ಬಿಡಲಿಲ್ಲ. ಉದ್ಯೋಗಿಯೊಬ್ಬಳ ಇಂತಹ ಜಡೆಯನ್ನು ನಿಷೇಧಿಸುವ ಅಧಿಕಾರ ವಿಮಾನ ಕಂಪನಿಗೆ ಉಂಟೆಂದು 1981ರಲ್ಲಿ ಅಮೆರಿಕದ ನ್ಯಾಯಾಲಯವೊಂದು ತೀರ್ಪಿತ್ತಿತು. 1999ರ ಆಸ್ಟ್ರೇಲಿಯನ್ ಓಪನ್ ಪಂದ್ಯದಲ್ಲಿ ವೀನಸ್ ವಿಲಿಯಮ್ಸ್ ಅವರ ಮಣಿಗಳು ಉದುರಿ ಅಂಗಳದಲ್ಲಿ ಚೆಲ್ಲಿದುದಕ್ಕೆ ಅವರಿಗೆ ಒಂದು ಪಾಯಿಂಟಿನ ದಂಡ ಬಿದ್ದಿತು. ಅದೇ ವರ್ಷ ತಂಗಿ ಸೆರೀನಾ ಮಣಿಜಡೆಯಲ್ಲಿಯೇ ಆಡಿ ಅಮೆರಿಕದ ಓಪನ್ ಗೆದ್ದರು. ಇಂತಹ ಭೇದವನ್ನು ಕಾನೂನಿನಿಂದ ತಡೆಯಲು ಕ್ಯಾಲಿಫೋರ್ನಿಯಾ ರಾಜ್ಯಕ್ಕೆ 2019ರವರೆಗೆ ಕಾಲ ಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸುಮಾರು 981ರಲ್ಲಿ ಚಾವುಂಡರಾಯನು ಕಡೆಯಿಸಿದ ಗೊಮ್ಮಟನ ತಲೆಯನ್ನು ವಾಚಕರು ನೋಡಿರಬಹುದು. ತುಂಬ ಪುಟ್ಟ ಪುಟ್ಟ ಸುರುಳಿಗಳು. ಹಿಂದೆ ಕೆಲವು ಯುರೋಪಿಯನ್ ವಿದ್ವಾಂಸರು ಬುದ್ಧ ಮತ್ತು ಜಿನರ ಇಂತಹ ಮೂರ್ತಿಗಳನ್ನು ಕಂಡು, ಇವರು ಆಫ್ರಿಕದ ಮೂಲದವರಿರಬೇಕೆಂದು ಊಹಿಸಿದ್ದರು. ಆ ಊಹೆ ನಿಲ್ಲಲಿಲ್ಲ. ಸುರುಳಿಗೂದಲು ನಮ್ಮ ಶಿಲ್ಪ ಸಂಪ್ರದಾಯದಲ್ಲಿ ಮಹಾಪುರುಷನ ಲಕ್ಷಣ. ಸಾದೃಶ್ಯ ಬೇರೆ, ಸಂಬಂಧ ಬೇರೆ. ಸಂಬಂಧಕ್ಕೆ ಪ್ರಮಾಣ ಬೇಕು.

ಪ್ರಮಾಣವಿರುವಲ್ಲಿ ಸಂಬಂಧವನ್ನು ಮರೆಮಾಡುವುದೂ ಅಷ್ಟೇ ತಪ್ಪು. ದಕ್ಷಿಣ ಆಫ್ರಿಕದ ಮಾಪುಂಗುಬ್ವೆಯ ಬಳಿ, ಸುಮಾರು 1000ದಿಂದ 1200ರವರೆಗಿನ ಜನವಸತಿಯೊಂದರಲ್ಲಿ ಗಾಜಿನ ಮಣಿಗಳು ದೊರೆತಿವೆ. ಆ ಗಾಜಿನ ಧಾತುಗಳ ವಿಶ್ಲೇಷಣೆಯು ದಕ್ಷಿಣ ಏಷ್ಯದತ್ತ ಬೆರಳು ತೋರುತ್ತದೆ. ಮಣಿಗಳು ನಮ್ಮ ಕಡೆಯಿಂದ ಸಾಗರ ದಾಟಿ ಹೋದವು. ಮನುಷ್ಯರನ್ನು ಅತ್ತಣಿಂದ ಇತ್ತ ತಂದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲ ತಾಲ್ಲೂಕುಗಳ ಸಿದ್ದಿ ಜನರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದವರು. ಬಂಟು ಭಾಷೆಗಳನ್ನಾಡುವ ಆಫ್ರಿಕನರೊಡನೆ ಅವರಿಗಿರುವ ರಕ್ತಸಂಬಂಧವನ್ನು 2011ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನ ತೋರಿಸಿಕೊಟ್ಟಿತು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ನಾಳೆ ಅವರ ಮಗಳೊಬ್ಬಳು ಹಾಸನಕ್ಕೆ ಓದಲು ಬಂದರೆ, ಅವಳ ಕೂದಲನ್ನು ಕಂಡೂ ನಾವು ನಗುವೆವೇ?

ಗುಂಗುರು ಕೂದಲಿರುವವರನ್ನು ಕರೆಯುವ ಅಡ್ಡಹೆಸರುಗಳು ನಮ್ಮ ಶಾಲೆಗಳಲ್ಲಿ ಹಲವಿವೆ. ನೇರ ಕೂದಲೇ ಅಚ್ಚುಕಟ್ಟು, ಉಳಿದುದೆಲ್ಲ ಕೆದರಿದ ತಲೆ ಎಂಬ ಭಾವನೆಗೆ ವಿಜ್ಞಾನದ ಆಧಾರವಿಲ್ಲ. ವಿದ್ಯಾಸಂಸ್ಥೆಗಳು ಕೂದಲಿನ ವಿಷಯದಲ್ಲಿ ಎರಡೇ ನಿಯಮ ಮಾಡಿದರೆ ಸಾಕೆಂದು ನಮ್ಮ ಅಭಿಪ್ರಾಯ: ಅದು ಶುಚಿಯಾಗಿರಲಿ, ಪ್ರಯೋಗಶಾಲೆಯಲ್ಲಿ ಬುನ್ಸೆನ್ ಜ್ವಾಲೆಗೆ ತಾಗದಂತೆ ಕಟ್ಟಿರಲಿ. ಮಣಿಜಡೆ ಈ ಎರಡು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುತ್ತದೆ. ಅದನ್ನು ಚೆಂದಕ್ಕೆಂದು ಹೆಣೆಸಿಕೊಳ್ಳುವ ವಿದ್ಯಾರ್ಥಿನಿಯರು, ಅದು ಯಾವ ಜನರ ಅರಿವಿನ ಫಲವೆಂಬುದನ್ನು ಕೇಳಿದವರಿಗೆ ಹೇಳಬಲ್ಲವರಾಗಲಿ.

ಅಂದು ತರಗತಿಯಲ್ಲಿ ನಾವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: "ಈ ಜಡೆಯನ್ನು ಹೇಗೆ ಹೆಣೆದೆಯಮ್ಮ?" ಎಂದು. ಹಾಗೆ ಕೇಳಿದ್ದರೆ ಅಂದು ಒಂದು ಒಳ್ಳೆಯ ಪಾಠವಾಗುತ್ತಿತ್ತು, ಮತ್ತು ಪಾಠ ಹೇಳುವವಳು ಅವಳಾಗಿರುತ್ತಿದ್ದಳು.