ಬೀಜ ತೂಗುವವರೇ, ಕಪ್‌ಗಳನ್ನೂ ಎಣಿಸಿ

ಕಳೆದ ತಿಂಗಳು ನನ್ನ ದವಾಖಾನೆಗೆ ಒಬ್ಬ ಯುವಕ ತನ್ನ ಪತ್ನಿಯನ್ನು ಕರೆದುಕೊಂಡು ಬಂದಿದ್ದ. ಆಕೆ ಐದು ತಿಂಗಳ ಗರ್ಭಿಣಿ. ರಾತ್ರಿ ನಿದ್ದೆ ಇಲ್ಲ, ಎದೆ ಢವಢವ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನಾಡಿ ನೋಡಿದೆ, ಕಣ್ಣಿನ ಕೆಳರೆಪ್ಪೆ ಸರಿಸಿ ನೋಡಿದೆ. ಬಿಳಚಿಕೊಂಡಿತ್ತು. ಊಟ, ತಿಂಡಿ, ಪಾನೀಯಗಳ ಬಗ್ಗೆ ವಿಚಾರಿಸಿದಾಗ ಯುವಕನ ಮುಖ ಅರಳಿತು. "ಹಕೀಮ್ ಸಾಬ್, ನಮ್ಮ ಮನೆಯಲ್ಲಿ ಅಂಗಡಿಯ ಪುಡಿ ಇಲ್ಲವೇ ಇಲ್ಲ. ಚಿಕ್ಕಮಗಳೂರಿನಿಂದ ಹೊಸದಾಗಿ ಹುರಿದ ಬೀಜ ತರಿಸುತ್ತೇನೆ. ಎಸ್ಪ್ರೆಸೊ ಯಂತ್ರ ಇದೆ. ಸರಿಯಾಗಿ 18 ಗ್ರಾಂ ತೂಗಿ ಹಾಕುತ್ತೇನೆ, ಒಂದು ಗ್ರಾಮಿನ ಹತ್ತನೇ ಒಂದು ಭಾಗವೂ ಆಚೀಚೆ ಆಗಲು ಬಿಡುವುದಿಲ್ಲ" ಎಂದ.

"ಇವರು ದಿನಕ್ಕೆ ಎಷ್ಟು ಕಪ್ ಕುಡಿಯುತ್ತಾರೆ?" ಎಂದು ಕೇಳಿದೆ. ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಯಾರೂ ಎಣಿಸಿರಲಿಲ್ಲ.

ಈ ಲೇಖನ ಬರೆಯಲು ಆ ಮೌನವೇ ಕಾರಣ. ಮನೆಯಲ್ಲೇ ಎಸ್ಪ್ರೆಸೊ ತಯಾರಿಸುವ ಹವ್ಯಾಸ ಈಗ ನಮ್ಮ ಕುಟುಂಬಗಳಿಗೂ ಬಂದಿದೆ. ಕೆಲವು ಸಾವಿರ ರೂಪಾಯಿಯ ಕೈಗಿರಣಿಯಿಂದ ಹಿಡಿದು ಲಕ್ಷ ದಾಟುವ ಯಂತ್ರದವರೆಗೆ ಜನ ಕೊಳ್ಳುತ್ತಿದ್ದಾರೆ. ನಾನು ಇದನ್ನು ಹಳಿಯಲು ಹೊರಟಿಲ್ಲ. ನಾನೂ ಬೆಳಗಿನ ಕಾಫಿ ಬಿಡದವನೇ. ಅಳತೆಯ ವಿಷಯದಲ್ಲಿ ಇಷ್ಟು ಶಿಸ್ತು ತೋರಿಸುವವರು ಅದೇ ಶಿಸ್ತನ್ನು ತಮ್ಮ ದೇಹಕ್ಕೂ ಏಕೆ ತೋರಿಸಬಾರದು ಎಂಬುದಷ್ಟೇ ನನ್ನ ಪ್ರಶ್ನೆ.

ಕಾಫಿಯನ್ನು ಹಳಿದ ವೈದ್ಯರಿಗೆ ಚರಿತ್ರೆಯಲ್ಲಿ ಏನಾಯಿತು ಎಂಬುದು ನನಗೆ ಗೊತ್ತು. 15ನೇ ಶತಮಾನದಲ್ಲಿ ಯಮನಿನ ಸೂಫಿಗಳು ರಾತ್ರಿಯ ಝಿಕ್ರ್‌ನಲ್ಲಿ ಎಚ್ಚರವಾಗಿರಲು ಕಾಫಿ ಕುಡಿಯುತ್ತಿದ್ದರು. ಅದು ಮಕ್ಕಾ ತಲುಪಿದಾಗ, 1511ರಲ್ಲಿ ಖಾಯಿರ್ ಬೇ ಎಂಬ ಅಧಿಕಾರಿ ಅದನ್ನು ನಿಷೇಧಿಸಲು ಸಭೆ ಕರೆದ. ಕಾಫಿ ಶೀತ ಮತ್ತು ಶುಷ್ಕ ಗುಣದ್ದು, ದೇಹಕ್ಕೆ ಹಾನಿಕರ ಎಂದು ಅಲ್ಲಿ ಸಾಕ್ಷಿ ನುಡಿದವರು ನಮ್ಮದೇ ಪರಂಪರೆಯ ವೈದ್ಯರು. ಆದರೆ ಕೈರೋದ ಸುಲ್ತಾನರ ಆಜ್ಞೆ ಬಂದಾಗ ಪೂರ್ಣ ನಿಷೇಧ ಉಳಿಯಲಿಲ್ಲ. ಮುಂದೆ ಬಾಬಾ ಬುಡನ್ ಅವರು ಯಮನಿನಿಂದ ಏಳು ಬೀಜಗಳನ್ನು ತಂದು ನಮ್ಮ ಗಿರಿಯಲ್ಲಿ ಬಿತ್ತಿದರೆಂದು ಜನ ಇಂದಿಗೂ ಹೇಳುತ್ತಾರೆ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಬೆಳೆಯುವುದು ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನಗಳಲ್ಲೇ. ಆದ್ದರಿಂದ ಕಾಫಿ ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ತಪ್ಪನ್ನು ನಾನು ಮಾಡುವುದಿಲ್ಲ.

ಹೊಸದಾಗಿ ಹುರಿದ ಬೀಜ ನಿಜಕ್ಕೂ ಒಳ್ಳೆಯದು. ಹುರಿದ ದಿನಾಂಕ ಪೊಟ್ಟಣದ ಮೇಲಿದ್ದರೆ ಏನು ಕುಡಿಯುತ್ತಿದ್ದೇವೆಂದು ತಿಳಿಯುತ್ತದೆ. ಬೀಜವನ್ನು ಆಗಾಗ ಬೇಕಾದಷ್ಟೇ ಪುಡಿ ಮಾಡಿದರೆ ಪರಿಮಳ ಉಳಿಯುತ್ತದೆ, ಕಲಬೆರಕೆಯ ಭಯವೂ ಇಲ್ಲ. ಹುರಿದ ಬೀಜದಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುವುದರಿಂದ ಎಸ್ಪ್ರೆಸೊಗೆ ಒಂದು ವಾರವಾದರೂ ಬಿಟ್ಟು ಬಳಸುತ್ತಾರೆ. ಮಿಲಾನ್ ನಗರದ ಅಕಿಲೆ ಗಾಜಿಯಾ 1938ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ, ಯುದ್ಧದ ನಂತರ ಲಿವರ್ ಯಂತ್ರವನ್ನು ತಂದ ಮೇಲೆ ಕಾಫಿಯ ಮೇಲೆ ಹೊಂಬಣ್ಣದ ನೊರೆ ನಿಲ್ಲುವಂತಾಯಿತು. ಇಂದಿನ ಯಂತ್ರವೂ ಅದನ್ನೇ ಮಾಡುತ್ತದೆ. ಸುಮಾರು 9 ಬಾರ್ ಒತ್ತಡದಲ್ಲಿ, 90ರಿಂದ 96 ಡಿಗ್ರಿ ಬಿಸಿನೀರನ್ನು ನುಣ್ಣನೆಯ ಪುಡಿಯ ಮೂಲಕ 25-30 ಸೆಕೆಂಡುಗಳಲ್ಲಿ ಇಳಿಸುತ್ತದೆ.

ತಪ್ಪು ಕಲ್ಪನೆ ಹುಟ್ಟುವುದು ಇಲ್ಲಿಯೇ. "ಶುದ್ಧವಾದದ್ದು, ತಾಜಾ ಇರುವುದು, ಎಷ್ಟು ಕುಡಿದರೇನು?" ಎಂದು ಹಲವರು ಕೇಳುತ್ತಾರೆ. ಶುದ್ಧವಾದಷ್ಟೂ ಲೆಕ್ಕ ಬಿಗಿಯಾಗಬೇಕು. ನಮ್ಮ ಅಮ್ಮಂದಿರು ಮಾಡುತ್ತಿದ್ದ ಫಿಲ್ಟರ್ ಕಾಫಿಯ ಪುಡಿಯಲ್ಲಿ ಚಿಕೋರಿ ಇರುತ್ತಿತ್ತು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಲೋಟದಲ್ಲಿ ಮುಕ್ಕಾಲು ಪಾಲು ಹಾಲೇ ಇರುತ್ತಿತ್ತು. ಎಸ್ಪ್ರೆಸೊದಲ್ಲಿ ಇರುವುದೆಲ್ಲ ಕಾಫಿಯೇ. 30 ಮಿ.ಲೀ.ನ ಒಂದು ಶಾಟ್‌ನಲ್ಲಿ ಸುಮಾರು 60ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಮನೆಯಲ್ಲಿ 18 ಗ್ರಾಂ ಹಾಕಿ ಇಳಿಸುವುದು ಡಬಲ್ ಶಾಟ್, ಅಂದರೆ 120ಕ್ಕಿಂತ ಮೇಲೆ. ನೊರೆ ಚೆನ್ನಾಗಿ ಬರಲೆಂದು ರೊಬಸ್ಟಾ ಬೆರೆಸಿದರೆ ಇನ್ನೂ ಹೆಚ್ಚು, ಏಕೆಂದರೆ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇದೆ.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಮಿತಿ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುತ್ತದೆ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ ಇನ್ನೂ ಬಿಗಿ, 300 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ. ಗರ್ಭಿಣಿಯರಿಗೆ ಯುರೋಪಿನ ಮಿತಿ 200 ಮಾತ್ರ. ಆ ಸೋದರಿಯ ದಿನಚರಿಯನ್ನು ಕುಳಿತು ಲೆಕ್ಕ ಹಾಕಿದೆವು. ಬೆಳಗ್ಗೆ ಒಂದು ಡಬಲ್, ಅಸ್ರ್ ನಮಾಝಿನ ನಂತರ ಇನ್ನೊಂದು, ನಡುವೆ ಅತ್ತೆಯ ಜೊತೆ ಎರಡು ಬಾರಿ ಚಹಾ. 300 ತಲುಪಿತು.

ಇದು ಸಣ್ಣ ಮಾತಲ್ಲ. ಗರ್ಭಿಣಿಯ ದೇಹದಿಂದ ಕೆಫೀನ್ ಬಹಳ ನಿಧಾನವಾಗಿ ಹೊರಹೋಗುತ್ತದೆ. ಸಾಮಾನ್ಯವಾಗಿ ಐದು ಗಂಟೆಯಲ್ಲಿ ಅರ್ಧ ಕರಗುವುದು, ಕೊನೆಯ ತಿಂಗಳುಗಳಲ್ಲಿ ಹದಿನೈದು ಗಂಟೆಯವರೆಗೂ ತೆಗೆದುಕೊಳ್ಳಬಹುದು. ಅದು ಮಗುವಿನ ರಕ್ತಕ್ಕೂ ಸೇರುತ್ತದೆ, ಅದನ್ನು ಕರಗಿಸುವ ಶಕ್ತಿ ಮಗುವಿಗೆ ಇನ್ನೂ ಬಂದಿರುವುದಿಲ್ಲ. ಇನ್ನೊಂದು ವಿಷಯವೂ ಹೊರಬಂತು. ಸರಕಾರಿ ಆಸ್ಪತ್ರೆಯಿಂದ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಆಕೆ ಬೆಳಗಿನ ಕಾಫಿಯ ಜೊತೆಗೇ ನುಂಗುತ್ತಿದ್ದಳು. ಕಾಫಿ, ಚಹಾ ಎರಡೂ ಕಬ್ಬಿಣದ ಅಂಶ ದೇಹಕ್ಕೆ ಸೇರುವುದನ್ನು ತಡೆಯುತ್ತವೆ. ಊಟದ ಮೊದಲೂ ನಂತರವೂ ಕನಿಷ್ಠ ಒಂದು ಗಂಟೆ ಇವನ್ನು ಕುಡಿಯಬಾರದು ಎಂದು ಅದೇ ಮಾರ್ಗಸೂಚಿ ಹೇಳಿದೆ. ಪ್ರೀತಿಯಿಂದ ಕಪ್ ಕೈಗೆ ಕೊಟ್ಟ ಗಂಡನಿಗೆ ಇದು ತಿಳಿದಿರಲಿಲ್ಲ. ಅವನ ಕಣ್ಣು ತುಂಬಿತು. ಬೈಯುವ ಅಗತ್ಯ ನನಗೆ ಕಾಣಲಿಲ್ಲ.

ನಮ್ಮ ಯುನಾನಿ ವೈದ್ಯಪದ್ಧತಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳಿವೆ. ಅವನ್ನು ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎನ್ನುತ್ತೇವೆ. ಗಾಳಿ, ಆಹಾರ-ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಒಂದು ಕಪ್ ಕಾಫಿ ಇವುಗಳಲ್ಲಿ ಒಂದಕ್ಕಿಂತ ಹೆಚ್ಚನ್ನು ಮುಟ್ಟುತ್ತದೆ. ಸಂಜೆ ಐದಕ್ಕೆ ಕುಡಿದ ಡಬಲ್ ಶಾಟ್‌ನ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಅಂದರೆ ಮಲಗುವ ಹೊತ್ತಿಗೆ ಒಂದು ಶಾಟ್ ಕುಡಿದ ಹಾಗೆ. ಬಳಿಕ ನಿದ್ದೆ ಬರುತ್ತಿಲ್ಲವೆಂದು ಮಾತ್ರೆ ಕೇಳಿಕೊಂಡು ಬರುತ್ತಾರೆ. ಎಲ್ಲರ ಮಿಝಾಜ್ ಒಂದೇ ಅಲ್ಲ. ಒಬ್ಬರಿಗೆ ಮೂರು ಕಪ್ ಏನೂ ಮಾಡದು, ಇನ್ನೊಬ್ಬರಿಗೆ ಒಂದೇ ಕಪ್ ಎದೆಬಡಿತ ಹೆಚ್ಚಿಸುತ್ತದೆ. ಗೆಳೆಯನ ಲೆಕ್ಕ ನಿಮ್ಮ ಲೆಕ್ಕವಲ್ಲ.

ಇನ್ನು ಶುಚಿತ್ವದ ಮಾತು. ಅಡುಗೆಮನೆಯಲ್ಲಿ ಮಿನುಗುವ ಯಂತ್ರ ಒಳಗೆ ಶುಚಿಯಾಗಿದೆಯೇ ಎಂದು ನೋಡಿಕೊಳ್ಳಿ.

ಹಾಲು ನೊರೆ ಮಾಡುವ ಹಬೆಯ ನಳಿಕೆಯನ್ನು ಪ್ರತಿ ಸಲವೂ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಕ್ಷಣ ಹಬೆ ಬಿಡಿ. ಹಬೆ ನಿಂತಾಗ ನಳಿಕೆ ಒಂದಿಷ್ಟು ಹಾಲನ್ನು ಒಳಗೆಳೆದುಕೊಳ್ಳುತ್ತದೆ, ಅದು ಅಲ್ಲೇ ಹುಳಿಯುತ್ತದೆ. ಆ ಬಟ್ಟೆಯನ್ನು ದಿನವೂ ಒಗೆಯಿರಿ.

ನೀರಿನ ತೊಟ್ಟಿಯನ್ನು ದಿನವೂ ಖಾಲಿ ಮಾಡಿ ತುಂಬಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಮತ್ತು ಗಸಿಯಲ್ಲಿ ಬೂಷ್ಟು ಬೆಳೆಯುತ್ತದೆ, ಅದನ್ನೂ ತೊಳೆಯಿರಿ.

ಪುಡಿ ಹಾಕುವ ಹಿಡಿಕೆ, ಜಾಲರಿ, ಗಿರಣಿಗಳಲ್ಲಿ ಅಂಟಿದ ಕಾಫಿ ಎಣ್ಣೆ ಹಳತಾದರೆ ಕಮಟು ವಾಸನೆ ಬರುತ್ತದೆ. ತಾಜಾ ಬೀಜಕ್ಕೆ ಹಣ ಕೊಟ್ಟು ಹಳೆಯ ಎಣ್ಣೆ ಕುಡಿಯುವುದರಲ್ಲಿ ಅರ್ಥವಿಲ್ಲ.

ಕೊಳವೆಬಾವಿಯ ಗಡಸು ನೀರು ಯಂತ್ರದೊಳಗೆ ಸುಣ್ಣ ಕಟ್ಟುತ್ತದೆ. ಕೈಪಿಡಿಯಲ್ಲಿ ಹೇಳಿದ ಅವಧಿಗೆ ಅದನ್ನು ತೆಗೆಯಿರಿ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಯಂತ್ರ ಕೈಗೆಟುಕದಂತಿರಲಿ. ಹಬೆಯ ಸುಟ್ಟಗಾಯ ಆಳವಾಗಿರುತ್ತದೆ.

ಕೊಲೆಸ್ಟರಾಲ್ ಇರುವವರು ಇನ್ನೊಂದನ್ನು ತಿಳಿದಿರಬೇಕು. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಕಾಗದದ ಸೋಸುಕ ಅದನ್ನು ಬಹುಪಾಲು ತಡೆಯುತ್ತದೆ, ಲೋಹದ ಜಾಲರಿ ತಡೆಯುವುದಿಲ್ಲ. ಅಂಥವರಿಗೆ ಕಾಗದದಲ್ಲಿ ಸೋಸಿದ ಕಾಫಿಯೇ ಮೇಲು.

ರಮಝಾನ್ ಉಪವಾಸದ ಮೊದಲ ದಿನಗಳಲ್ಲಿ ತಲೆ ಸಿಡಿಯುತ್ತದೆ ಎಂದು ದೂರುವವರು ಬಹಳ. ಅದಕ್ಕೆ ಹಸಿವೊಂದೇ ಕಾರಣವಲ್ಲ, ಕೆಫೀನ್ ತಪ್ಪಿದ್ದೂ ಕಾರಣ. ಎರಡು ವಾರ ಮೊದಲೇ ಮೂರು-ನಾಲ್ಕು ದಿನಕ್ಕೊಮ್ಮೆ ಅರ್ಧ ಕಪ್ಪಿನಂತೆ ಇಳಿಸುತ್ತಾ ಬನ್ನಿ. ಇಫ್ತಾರ್ ಬಳಿಕ ಡಬಲ್ ಶಾಟ್ ಕುಡಿದು ತರಾವೀಹ್ ಮುಗಿಸಿ, ಸಹರಿಯವರೆಗೆ ಹೊರಳಾಡಬೇಡಿ.

ಯಂತ್ರ ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಮನೆಯಲ್ಲಿ ಎಷ್ಟು ಮಂದಿ, ಯಾರಿಗೆ ಎಷ್ಟು ಹಿತ? ತಕ್ಕಡಿಯ ಪಕ್ಕ ಒಂದು ಚಿಕ್ಕ ಪುಸ್ತಕ ಇಟ್ಟು ಒಂದು ವಾರ ಪ್ರತಿಯೊಬ್ಬರ ಹೆಸರಿನ ಮುಂದೆ ಕಪ್ಪುಗಳನ್ನು ಬರೆಯಿರಿ, ಚಹಾವನ್ನೂ ಸೇರಿಸಿ. ಎದೆಬಡಿತ, ರಕ್ತದೊತ್ತಡ, ಎದೆಯುರಿ ಇರುವವರು ಆ ಪುಸ್ತಕದೊಂದಿಗೇ ವೈದ್ಯರ ಬಳಿ ಹೋಗಿ.

ಆ ದಂಪತಿಯನ್ನು ರಕ್ತಪರೀಕ್ಷೆಗೂ ಹೆರಿಗೆ ವೈದ್ಯರ ಬಳಿಗೂ ಕಳುಹಿಸಿದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು. ಈಗ ಮಾತ್ರೆ ಮಧ್ಯಾಹ್ನ ನಿಂಬೆಹಣ್ಣಿನ ಶರಬತ್ತಿನೊಂದಿಗೆ, ಕಾಫಿ ಬೆಳಗ್ಗೆ ಒಂದೇ ಶಾಟ್. ಮೊನ್ನೆ ಬಂದಾಗ ನಿದ್ದೆ ಬರುತ್ತಿದೆ ಎಂದಳು. ಯುವಕ ಜೇಬಿನಿಂದ ಪುಸ್ತಕ ತೆಗೆದು ಲೆಕ್ಕ ತೋರಿಸಿದ.